ಕುಸುರೆಳ್ಳಿನ ಮುಳ್ಳು

ಒಣಗಿದ ಜೋಳದ ರೊಟ್ಟಿ ಮುರಿಯುವಾಗ ಒಂದು ಸದ್ದು ಬರುತ್ತದೆ. ವಿಕ್ರಮಭಾವು ನನ್ನ ಎದುರಿಗೆ ಕೂತು ಆ ಸದ್ದು ಮಾಡಿದಾಗಲೆಲ್ಲ ನನಗೆ ರಾಧಾಬಾಯಿಯ ಸೊಂಟ ಮುರಿದದ್ದು ನೆನಪಾಗುತ್ತಿತ್ತು. ಆದರೂ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ಬಡಿಸುವ ಕೈಗೆ ಸಿಟ್ಟು ಗೊತ್ತಾಗಬಾರದು. ಗೊತ್ತಾದರೆ ಸಾರು ಚೆಲ್ಲುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ, ಸೇಡು ನಮ್ಮ ಹತ್ತಿರವೇ ಉಳಿಯುತ್ತದೆ.

ನಮ್ಮ ಖಾನಾವಳಿ ಶಿವಾಜಿನಗರದಲ್ಲಿ, ಸರ್ಕಾರಿ ಕಚೇರಿಗಳ ಬೆನ್ನಿಗೆ. ನನ್ನ ತವರು ಬೈಲಹೊಂಗಲದ ಕಡೆ. ಗಂಡ ಬಾಳಕೃಷ್ಣ ಪಿಂಪ್ರಿಯ ಕಾರ್ಖಾನೆಯಲ್ಲಿ ಲೇಥ್ ಓಡಿಸಿ ನಿವೃತ್ತನಾಗಿ ಈಗ ದುಡ್ಡಿನ ಗಲ್ಲೆಯ ಮುಂದೆ ಕೂಡುತ್ತಾನೆ. ಶಾಸಕರ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಸಮಿತಿ ಪುಣೆಯಲ್ಲಿ ಸೇರಿದಾಗಲೆಲ್ಲ ಊಟ ನಮ್ಮದೇ. ಆ ಸಮಿತಿಯ ಮುಖ್ಯಸ್ಥ ವಿಕ್ರಮಭಾವು, ಶಿರೂರಿನ ಆಚೆಯ ಬೋರಮಾಳ ಎಂಬ ಊರಿನವನು. ಅವರೆಲ್ಲರ ಮಾತು ಮರಾಠಿ. ಇಷ್ಟು ವರ್ಷ ಕೇಳಿ ಕೇಳಿ ಈಗ ಅದು ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ನಮ್ಮ ಭಾಷೆಯೇ ಆಗಿಬಿಟ್ಟಿರುತ್ತದೆ.

ಅವನು ತಿನ್ನುತ್ತಿದ್ದ ರೊಟ್ಟಿ ಬೋರಮಾಳದಿಂದಲೇ ಬರುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

ಬೋರಮಾಳದ ಗೋಮಾಳದ ಅಂಚಿನಲ್ಲಿ ಮೊದಲು ಒಂದು ತಗಡಿನ ಶೆಡ್ ಇತ್ತು. ಅದನ್ನು ಕಟ್ಟಿಸಿದವಳು ರಾಧಾಬಾಯಿ. ಅಥಣಿಯ ಕಡೆಯಿಂದ ಆ ಊರಿಗೆ ಸೊಸೆಯಾಗಿ ಬಂದವಳು, ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ತನ್ನಂಥವರನ್ನೇ ಕೂಡಿಸಿಕೊಂಡು ಅಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದಳು. ಊರಿನ ಅರ್ಧ ವಿಧವೆಯರ ಒಲೆ ಆ ಶೆಡ್ಡಿನಿಂದ ಉರಿಯುತ್ತಿತ್ತು. ನಾನು ಖಾನಾವಳಿ ತೆರೆದಾಗ ಮೊದಲ ರೊಟ್ಟಿಯ ಕಟ್ಟು ಬಂದದ್ದೂ ಅಲ್ಲಿಂದಲೇ. ಪುಣೆಯಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳ ಆಡುವವರು ಇಬ್ಬರೇ, ಒಬ್ಬ ನನ್ನ ಗಂಡ, ಇನ್ನೊಬ್ಬಳು ಫೋನಿನಲ್ಲಿ ರಾಧಾಬಾಯಿ.

ಆ ಗೋಮಾಳದ ಮೇಲೆ ವಿಕ್ರಮಭಾವುವಿನ ಭಾವಮೈದುನನ ಕಣ್ಣು ಬಿತ್ತು. ಶೀತಲ ಉಗ್ರಾಣ ಕಟ್ಟುತ್ತೇನೆ, ಊರಿನ ಈರುಳ್ಳಿ ಕೊಳೆಯುವುದಿಲ್ಲ ಅಂದ. ಊರ ಜಾಗ ಕೊಡಬೇಕಾದರೆ ಮಹಿಳಾ ಗ್ರಾಮಸಭೆ ಒಪ್ಪಬೇಕು. ಅದಕ್ಕೆ ಒಂದು ಹಳೆಯ ದಾರಿ ಇದೆ. ಈರುಳ್ಳಿ ಕೀಳುವ ಸುಗ್ಗಿಯಲ್ಲಿ ಸಭೆ ಕರೆಯುವುದು. ಯಾವ ಹೆಂಗಸೂ ಹೊಲ ಬಿಟ್ಟು ಬರುವುದಿಲ್ಲ. ಸಭೆ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದ ಸಭೆಗೆ ಇಷ್ಟು ಜನ ಇರಲೇಬೇಕು ಎಂಬ ಕಟ್ಟು ಇಲ್ಲ. ಸರಪಂಚನ ಅಂಗಳದಲ್ಲಿ ಅವನ ಹೆಂಡತಿ, ನಾದಿನಿ, ಅತ್ತೆ ಕೂತು ಕೈ ಎತ್ತಿದರೆ ಊರು ಒಪ್ಪಿದಂತೆ. ಹಾಗೇ ಆಯಿತು.

ಶೆಡ್ ಕೆಡವಲು ಜೆಸಿಬಿ ಬಂದ ದಿನ ರಾಧಾಬಾಯಿ ಬಾಗಿಲಿಗೆ ಅಡ್ಡ ಕೂತಳು. ಎಳೆದರು. ಬಿದ್ದಳು, ಬೀಸುಕಲ್ಲಿನ ಮೇಲೆ. ಆಮೇಲೆ ಅವಳು ನಡೆಯಲಿಲ್ಲ. ಅದೇ ಸಂಜೆ ವಿಕ್ರಮಭಾವು ಊರ ಚಾವಡಿಯಲ್ಲಿ ಮೈಕು ಹಿಡಿದು, "ಕುಂಕುಮ ಇಲ್ಲದವರ ಕೈ ರೊಟ್ಟಿ ತಿಂದು ಯಾವ ಊರು ಉದ್ಧಾರ ಆಗ್ಯದ?" ಅಂದನಂತೆ. ಜನ ನಕ್ಕರಂತೆ. ಆ ನಗು ಅವಳಿಗೆ ಮುರಿದ ಮೂಳೆಗಿಂತ ಹೆಚ್ಚು ನೋವು ಕೊಟ್ಟಿತು. ಶೆಡ್ ಹೋದ ಮೇಲೆ ಅವಳ ಹೆಂಗಸರು ತಮ್ಮ ತಮ್ಮ ಮನೆಯ ಒಲೆಯಲ್ಲೇ ರೊಟ್ಟಿ ಬಡಿದು ನನಗೆ ಕಳಿಸುತ್ತಿದ್ದರು.

ನಾನು ಸಸೂನ್ ಆಸ್ಪತ್ರೆಗೆ ನೋಡಲು ಹೋದಾಗ ರಾಧಾಬಾಯಿ ಅಳಲಿಲ್ಲ. ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು.

"ಅಂಬಾ, ಯಾವ ಬಾಯಿಂದ ಹಂಗ ಅಂದನೋ, ಆ ಬಾಯಿಂದನ ಆ ಜಾಗಾ ನಮಗ ವಾಪಸ್ ಬರಬೇಕು. ಕೋರ್ಟಿಂದ ಬ್ಯಾಡ. ಕಲೆಕ್ಟರ್‌ನಿಂದ ಬ್ಯಾಡ. ಅವನ ಬಾಯಿಂದ."

ಮನೆಗೆ ಬಂದು ಗಂಡನಿಗೆ ಹೇಳಿದೆ. "ಎಮ್ಮೆಲ್ಲೆ ಜೋಡಿ ಕುಸ್ತಿ ಹಿಡೀತಿಯೇನು? ನಿನ್ನ ಹತ್ರ ಇರೋದು ಒಂದು ಲಟ್ಟಣಿಗಿ," ಅಂದ.

"ಲಟ್ಟಣಿಗಿ ಅಲ್ಲ, ಪಂಕ್ತಿ ಅದ," ಅಂದೆ. "ಅವನು ವಾರಕ್ಕೊಮ್ಮೆ ನನ್ನ ಪಂಕ್ತಿಗೆ ಕೂಡ್ತಾನ. ಉಣ್ಣೋವಾಗ ಮನಿಷ್ಯಾ ಕಿವಿ ತೆರೆದಿಟ್ಟಿರತಾನ."

*

ಚಳಿಗಾಲದ ಅಧಿವೇಶನಕ್ಕೆ ಮೊದಲು ಸಮಿತಿ ಪುಣೆಯಲ್ಲಿ ಕೂತಿತು. ಊರ ಜಾಗಗಳನ್ನು ಗ್ರಾಮೀಣ ಉದ್ಯಮಗಳಿಗೆ ಕೊಡುವ ಕಾಯ್ದೆಗೆ ತಿದ್ದುಪಡಿ ತರುವ ಕೆಲಸ. ಬೆಳಿಗ್ಗೆಯೆಲ್ಲ ಅಧಿಕಾರಿಗಳ ಮಾತು, ಮಧ್ಯಾಹ್ನ ನನ್ನ ಎಣ್ಣೆಗಾಯಿ. ಕಾಯ್ದೆ ಎಲ್ಲಿ ತಯಾರಾಗುತ್ತದೆ ಎಂದು ಓದಿದವರನ್ನು ಕೇಳಿದರೆ ಸದನ ಅನ್ನುತ್ತಾರೆ. ನಾನು ನೋಡಿದ್ದು ಬೇರೆ. ಸದನದಲ್ಲಿ ಅದು ತಾಟಿಗೆ ಬರುತ್ತದೆ ಅಷ್ಟೆ, ಬೇಯುವುದು ಊಟದ ಹೊತ್ತಿನ ಹರಟೆಯಲ್ಲಿ.

ವಿಕ್ರಮಭಾವುವಿನ ಆಪ್ತ ಸಹಾಯಕ ಮಂದಾರ ನಮ್ಮವನೇ. ಧಾರವಾಡದ ಮಾಳಮಡ್ಡಿಯ ಮನೆತನ, ಹುಟ್ಟಿ ಬೆಳೆದದ್ದು ಪುಣೆ. ಸಾಹೇಬನ ಭಾಷಣಗಳೆಲ್ಲ ಅವನವೇ. ಸಾಹೇಬರು ಎದ್ದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಕೂತು ಉಣ್ಣುವುದು ಅವನ ರೂಢಿ.

"ಅಂಬಾಕಾಕು, ತಲಿ ಕೆಟ್ಟದರಿ," ಅಂದ. "ಭಾವುಗ ಭಾಷಣದಾಗ ಹೆಣ್ಮಕ್ಕಳ ಸಂಬಂಧ ಏನರೆ ಒಂದು ಹೊಸಾದು ಬೇಕಂತ. ಟೀವಿಯವರು ಎತ್ತಿಕೊಳ್ಳೂವಂಥಾದು. ಹೊಲಿಗಿ ಮಷೀನು, ಸೈಕಲ್ಲು ಎಲ್ಲಾ ಮುಗದಾವು."

ಅವನ ತಾಟಿಗೆ ತುಪ್ಪ ಹಾಕಿದೆ. "ಮಹಿಳಾ ಗ್ರಾಮಸಭೆಗೆ ಒಂದು ಕೀಲಿ ಹಾಕ್ರಿ."

"ಅಂದ್ರ?"

"ಊರ ಜಾಗಾ ಕೊಡಬೇಕಾದ್ರ ಊರಿನ ಹೆಣ್ಮಕ್ಕಳು ಅರ್ಧಕ್ಕಿಂತ ಹೆಚ್ಚು ಕೂಡಬೇಕು. ಮುಂದಕ್ಕ ಹೋದ ಸಭೆಗೂ ಅದೇ ಕಟ್ಟು. ಅಷ್ಟು ಮಂದಿ ಬರೂತನಾ ಜಾಗಾ ಅಲುಗಾಡಬಾರದು. ಹೊಸಿಲ ಕೀಲಿಕೈ ಮನಿ ಹೆಣ್ಮಗಳ ಸೆರಗಿನಾಗ ಇರತದ, ಊರ ಕೀಲಿಕೈ ಊರ ಹೆಣ್ಮಕ್ಕಳ ಸೆರಗಿನಾಗ. ಹಿಂಗ ಹೇಳಂತ ಹೇಳು ನಿಮ್ಮ ಭಾವುಗ."

ಮಂದಾರನ ತುತ್ತು ಕೈಯಲ್ಲೇ ನಿಂತಿತು. "ಸೆರಗಿನ ಕೀಲಿಕೈ! ಕಾಕು, ನೀವು ಭಾಷಣಾ ಬರೀಬೇಕಿತ್ತು ನೋಡ್ರಿ."

"ನನಗ್ಯಾಕಪ್ಪಾ. ಉಣ್ಣು, ಆರತದ."

ವಿಕ್ರಮಭಾವು ಅದನ್ನು ಒಪ್ಪುತ್ತಾನೆ ಎಂದು ನನಗೆ ಗೊತ್ತಿತ್ತು. ಕಾಯ್ದೆ ಮಾಡುವವನಿಗೆ ಅದರ ತೂತುಗಳ ಮೇಲೆ ಭಾಳ ನಂಬಿಕೆ ಇರುತ್ತದೆ. ಚಪ್ಪಾಳೆ ಈಗ ಸಿಗುತ್ತದೆ, ತೂತು ಆಮೇಲೆ ಹುಡುಕಿದರಾಯಿತು ಅಂದುಕೊಳ್ಳುತ್ತಾನೆ.

ಆದರೆ ಬೋರಮಾಳದ ಮಂಜೂರಾತಿ ಆಗಲೇ ಆಗಿತ್ತು. ಉಗ್ರಾಣದ ಕೆಲಸ ಮಾತ್ರ ಶುರುವಾಗಿರಲಿಲ್ಲ. ಹೊಸ ಕೀಲಿ ಹಳೆಯ ಬಾಗಿಲಿಗೂ ಬೀಳಬೇಕಿತ್ತು. ಅದಕ್ಕೆ ಇನ್ನೊಂದು ಬಾಯಿ ಬೇಕಾಗಿತ್ತು.

ಸಮಿತಿಯಲ್ಲಿ ಮಂಜರಿತಾಯಿ ಅಂತ ಒಬ್ಬ ಶಾಸಕಿ ಇದ್ದಳು. ಎದುರು ಪಕ್ಷದವಳು, ವಿದರ್ಭದ ಕಡೆಯವಳು. ವಿಕ್ರಮಭಾವು ಮಾತಾಡುವಾಗ ಅವಳು ಉಪ್ಪಿನಕಾಯಿ ಚೀಪುತ್ತ ಸೂರು ನೋಡುತ್ತಿದ್ದಳು. ಕೈ ತೊಳೆಯಲು ಬಂದಾಗ ಟವೆಲ್ ಹಿಡಿದು ನಿಂತು ಹೇಳಿದೆ.

"ತಾಯಿ, ಊರಿಗೆಲ್ಲಾ ಔಷಧಾ ಕೊಡೋ ವೈದ್ಯಗ ನಮ್ಮ ಕಡೆ ಒಂದು ಮಾತು ಕೇಳತಾರ. ಮೊದಲು ನಿಮ್ಮ ಮನ್ಯಾಗ ಯಾರಿಗೆ ಕೊಟ್ಟೀರಿ ಅಂತ."

ಅವಳು ಕೈ ಒರೆಸುತ್ತ ನನ್ನನ್ನೇ ನೋಡಿದಳು. "ಯಾವ ವೈದ್ಯ?"

"ಯಾವ ವೈದ್ಯನಾದರೇನು. ಬೋರಮಾಳದವನ ಆಗಲಿ, ಕೇಳಿದರ ತಪ್ಪಿಲ್ಲ."

ಅವಳು ಸಣ್ಣಗೆ ನಕ್ಕಳು. "ನಿಮ್ಮ ಮೆಣಸಿನಕಾಯಿ ಚಟ್ನಿ ಸಲುವಾಗೇ ಈ ಸಮಿತಿ ಇನ್ನೂ ಬಿಟ್ಟಿಲ್ಲ ನಾನು," ಅಂದು ಹೋದಳು.

*

ಅಧಿವೇಶನ ನಾಗಪುರದಲ್ಲಿ. ನಾವು ಖಾನಾವಳಿಯ ಟೀವಿಯಲ್ಲಿ ನೋಡಿದೆವು. ವಿಕ್ರಮಭಾವು ಕೇಸರಿ ಫೇಟಾ ಸುತ್ತಿಕೊಂಡು ನಿಂತಿದ್ದ. ಮೊದಲು ತಾಯಿಯ ನೆನಪು ತೆಗೆದ. "ನನ್ನ ತಾಯಿ ಊರ ಗೋಮಾಳದಲ್ಲಿ ಸಗಣಿ ಆರಿಸಿ, ಕುಳ್ಳು ತಟ್ಟಿ, ಅದನ್ನು ಮಾರಿ ನನ್ನನ್ನು ಓದಿಸಿದಳು," ಅಂದ. ಇದು ಅವನು ಎಲ್ಲ ಚುನಾವಣೆಯಲ್ಲೂ ಹೇಳುವ ಮಾತು. ಆಮೇಲೆ ಸೆರಗಿನ ಕೀಲಿಕೈ ಬಂತು. ಮೇಜು ಬಡಿದರು.

ಮಂಜರಿತಾಯಿ ಎದ್ದಳು. "ಔಷಧ ಛಲೋ ಅದ, ವಿಕ್ರಮಭಾವು. ವೈದ್ಯರು ಮೊದಲು ತಮ್ಮ ಮನೆಯಲ್ಲಿ ಕೊಡ್ತಾರೋ? ಬೋರಮಾಳದಲ್ಲಿ? ಅಥವಾ ಈಗಾಗಲೇ ಆದ ಮಂಜೂರಾತಿಗಳನ್ನೆಲ್ಲ ಸೆರಗಿನಲ್ಲಿ ಮುಚ್ಚಿಡ್ತೀರೋ?"

ಅವಳ ಸಾಲಿನವರು ಹೋ ಅಂದರು. ಯಾರೋ ಶಿಳ್ಳೆ ಹಾಕಿದರು. ಕ್ಯಾಮೆರಾ ವಿಕ್ರಮಭಾವುವಿನ ಮುಖದ ಹತ್ತಿರ ಬಂತು. ಅವನಂಥವರನ್ನು ಬೈದರೆ ತಡೆದುಕೊಳ್ಳುತ್ತಾರೆ, ನಕ್ಕರೆ ತಡೆದುಕೊಳ್ಳಲಾರರು.

"ಬೋರಮಾಳದಿಂದಲೇ ಶುರು!" ಅಂತ ಎದೆ ಬಡಿದುಕೊಂಡ. "ಕೆಲಸ ಶುರುವಾಗದ ಎಲ್ಲ ಮಂಜೂರಾತಿಗೂ ಈ ಕಟ್ಟು ಅನ್ವಯ. ಊರಿನ ಪ್ರತಿಯೊಬ್ಬ ಹೆಣ್ಣುಮಗಳೂ ಬರಲಿ. ಪ್ರತಿಯೊಬ್ಬಳೂ!"

ಬಾಳಕೃಷ್ಣ ಗಲ್ಲೆಯಿಂದ ಎದ್ದು ಬಂದು ನನ್ನ ಪಕ್ಕ ನಿಂತ. "ಏ ಇವಳ," ಅಂದ, "ನಿನ್ನ ಜೋಡಿ ನಾ ಇಷ್ಟು ವರ್ಷ ಹ್ಯಾಂಗ ಉಳದೀನಿ?"

"ನೀ ನನಗ ನಕ್ಕಿಲ್ಲ," ಅಂದೆ.

*

ತಿದ್ದುಪಡಿ ಆ ಮಾತಿನ ಸಮೇತ ಪಾಸಾಯಿತು. ಸಂಕ್ರಾಂತಿ ಹತ್ತಿರ ಬಂತು. ನಾನು ಕುಸುರೆಳ್ಳು ಮಾಡಲು ಕೂತಿದ್ದೆ. ಅದು ಅವಸರದ ಕೆಲಸವಲ್ಲ. ಬೋಗುಣಿಯಲ್ಲಿ ಎಳ್ಳು, ಕೆಳಗೆ ಸಣ್ಣ ಕೆಂಡ, ಒಂದೊಂದೇ ಚಮಚ ಸಕ್ಕರೆ ಪಾಕ, ಕೈ ಆಡಿಸುತ್ತಲೇ ಇರಬೇಕು. ಬೆರಳು ಸುಡುತ್ತದೆ. ಬಿಟ್ಟರೆ ಗಂಟಾಗುತ್ತದೆ. ಆಡಿಸಿದ ಹಾಗೆಲ್ಲ ಎಳ್ಳಿನ ಮೈಮೇಲೆ ಸಕ್ಕರೆಯ ಮುಳ್ಳು ಏಳುತ್ತದೆ. ಮುಳ್ಳು ಚೆನ್ನಾಗಿ ಬಂದರೆ ಮಾಡಿದವಳ ಕೈ ಗಟ್ಟಿ ಅನ್ನುತ್ತಾರೆ.

ಮಂದಾರ ಬಂದು ಎದುರಿಗೆ ಕುಕ್ಕರಿಸಿದ. ಮುಖ ಬಿಳಿಚಿತ್ತು.

"ಕಾಕು, ಬೋರಮಾಳದ ಜಾಗಾ ಭಾವು ಅವರ ಭಾವಮೈದುನರದು ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಆ ರಾಧಾಬಾಯಿ..."

"ನನ್ನ ಗೆಳತಿ. ನೀ ನನ್ನ ಮನ್ಯಾಗ ತಿಂದ ರೊಟ್ಟಿ ಅವಳ ಕಡೆ ಹೆಣ್ಮಕ್ಕಳು ಬಡದದ್ದು."

ಅವನು ತಲೆ ಹಿಡಿದುಕೊಂಡ. "ನನ್ನ ಕೈಲೇ ಬಾವಿ ತೋಡಿಸಿದ್ರಿ."

"ಬಾವಿ ತೋಡಿದ್ದು ನಿನ್ನ ಸಾಹೇಬ. ನಾವು ಹಗ್ಗಾ ಕೊಟ್ಟೀವಿ ಅಷ್ಟ." ಬೋಗುಣಿ ಇಳಿಸಿ ಅವನ ಮುಖ ನೋಡಿದೆ. ಅವನ ಮೇಲೆ ನನಗೆ ಸೇಡು ಇರಲಿಲ್ಲ. "ಮುಚ್ಚಿಡಬ್ಯಾಡ. ಇವತ್ತ ಹೋಗಿ ಎಲ್ಲಾ ಹೇಳಿಬಿಡು. ನನ್ನ ಹೆಸರೂ ಹೇಳು. ನಾಳೆ ಅವನಿಗೆ ಬ್ಯಾರೆಯವರಿಂದ ಗೊತ್ತಾದ್ರ ನಿನ್ನ ಕುತ್ತಿಗಿ ಹೋಗ್ತದ. ಕೆಲಸಾ ಹೋದ್ರ ಇಲ್ಲಿಗೆ ಬಾ, ನಿನ್ನ ಕಾಕಾಗ ಲೆಕ್ಕದಾಗ ನಿದ್ದಿ ಬರತದ."

"ಹೇಳಿದ್ರ ಅವರು ತಪ್ಪಿಸ್ಕೋತಾರ ಕಾಕು."

"ಟೀವಿಯೊಳಗ ಆಡಿದ ಮಾತು. ಎಲ್ಲಿಗೆ ತಪ್ಪಿಸ್ಕೋತಾನ?"

ಅವನು ಹೋಗಿ ಹೇಳಿದ. ಮರುದಿನ ವಿಕ್ರಮಭಾವು ತಾನೇ ಖಾನಾವಳಿಗೆ ಬಂದ. ಸಿಟ್ಟಿರಲಿಲ್ಲ. ನಗುತ್ತಿದ್ದ.

"ಅಂಬಾತಾಯಿ, ಭಾರೀ ಹುಶಾರು ನೀವು. ನಮ್ಮ ಪಕ್ಷಕ್ಕ ಬರ್ರಿ, ಟಿಕೀಟು ಕೊಡಸ್ತೀನಿ." ಬೆಂಚಿನ ಮೇಲೆ ಕೂತು ರೊಟ್ಟಿ ತರಿಸಿಕೊಂಡ. ಚಟ್ ಅಂತ ಮುರಿದ. "ಅರ್ಧಕ್ಕಿಂತ ಹೆಚ್ಚು ಹೆಂಗಸರು ಬೇಕಲ್ಲಾ? ಬರತಾರ. ಸಂಕ್ರಾಂತಿಗೆ ಬೋರಮಾಳದಾಗ ನನ್ನ ಹೆಂಡತಿ ತೃಪ್ತಿ ಅರಿಶಿನ ಕುಂಕುಮ ಇಟ್ಟಾಳ. ಪ್ರತಿಯೊಬ್ಬ ಮುತ್ತೈದಿಗೂ ಪ್ರೆಶರ್ ಕುಕ್ಕರ್ ಬಾಗಿನ. ಅದೇ ಮಂಟಪದಾಗ, ಅದೇ ಹೊತ್ತಿಗೆ ಮಹಿಳಾ ಗ್ರಾಮಸಭೆ. ಊಟಾ ನಿಮ್ಮದು, ಕುಸುರೆಳ್ಳೂ ನಿಮ್ಮದು. ಬರ್ರಿ, ನಿಮ್ಮ ಕಣ್ಣಿಲೆ ನೋಡ್ರಿ."

ಅವನು ಹೋದ ಮೇಲೆ ನನಗೆ ಅರ್ಥವಾಯಿತು. ಅರಿಶಿನ ಕುಂಕುಮದ ಮಂಟಪಕ್ಕೆ ಗಂಡಸರು ಹೋಗುವುದಿಲ್ಲ, ವಿಧವೆಯರೂ ಹೋಗುವುದಿಲ್ಲ. ಕುಕ್ಕರಿಗಾಗಿ ಊರಿನ ಮುತ್ತೈದೆಯರೆಲ್ಲ ಬರುತ್ತಾರೆ, ಅರ್ಧ ತುಂಬುತ್ತದೆ. ಶೆಡ್ಡಿನವರು, ಆ ಜಾಗಕ್ಕಾಗಿ ಅತ್ತವರು, ಒಬ್ಬರೂ ಒಳಗೆ ಕಾಲಿಡುವುದಿಲ್ಲ. ಕಾಯ್ದೆ ಅವರನ್ನು ತಡೆಯುವುದಿಲ್ಲ. ರೂಢಿ ತಡೆಯುತ್ತದೆ. ರೂಢಿಗೆ ಪೊಲೀಸರ ಕಾವಲು ಬೇಕಾಗಿಲ್ಲ. ನಾನು ಹಾಕಿಸಿದ ಕೀಲಿಯನ್ನು ಅವನು ಕುಂಕುಮದ ಭರಣಿಯಿಂದ ತೆಗೆಯಲು ಹೊರಟಿದ್ದ.

ರಾಧಾಬಾಯಿಗೆ ಫೋನ್ ಮಾಡಿದೆ.

"ನಾವು ಹೋದ್ರ ಅಪಶಕುನ ಅಂತಾರ," ಅಂದಳು. "ನನಗೇನು, ಅನ್ನಲಿ. ಆದ್ರ ಉಳಿದವರು ಹೆದರತಾರ ಅಂಬಾ. ತಮ್ಮ ಸೊಸೆಂದ್ರಿಗೆ, ಮೊಮ್ಮಕ್ಕಳಿಗೆ ಏನರೆ ಆದ್ರ ನಮ್ಮ ಮ್ಯಾಲ ಬರತದ ಅಂತಾರ. ಯಾರರೆ ಮೊದಲು ಹೋಗಬೇಕು. ಊರಾಗ ಯಾರೂ ಬ್ಯಾಡ ಅನ್ನಲಾರದಂಥಾಕಿ."

"ಅಂಥಾಕಿ ಯಾರದಾರ?"

ರಾಧಾಬಾಯಿ ಒಂದು ಹೆಸರು ಹೇಳಿದಳು. ನಾನು ಫೋನ್ ಇಟ್ಟು, ತಣ್ಣಗಾದ ಬೋಗುಣಿಯನ್ನು ಮತ್ತೆ ಕೆಂಡದ ಮೇಲೆ ಇಟ್ಟೆ.

*

ಹಬ್ಬದ ದಿನ ಟೆಂಪೋದಲ್ಲಿ ಪಾತ್ರೆ ಪರಡಿ ಹೇರಿಕೊಂಡು ಬೋರಮಾಳಕ್ಕೆ ಹೋದೆ. ವಿಕ್ರಮಭಾವುವಿನ ವಾಡೆಯ ಮುಂದೆ ದೊಡ್ಡ ಮಂಟಪ. ಸುತ್ತಲೂ ಬಣ್ಣದ ಬಟ್ಟೆಯ ಗೋಡೆ. ಬಾಗಿಲಿನ ಪಕ್ಕ ಕುಕ್ಕರುಗಳ ಗುಡ್ಡೆ, ಪ್ರತಿಯೊಂದರ ಮೇಲೂ ಅವನ ಫೋಟೋ. ಅವನೂ ಅವನ ಜನರೂ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊನೆಗೆ ಟೀವಿಯವರ ಜೊತೆ ಒಳಗೆ ಹೋಗಿ ಸಭೆಯ ತೀರ್ಮಾನವನ್ನು ತಾನೇ ಓದುವುದು ಅವನ ಯೋಜನೆ. ಮಂದಾರ ಮೈಕು ಹಿಡಿದು ಪಕ್ಕದಲ್ಲಿದ್ದ. ನನ್ನ ಕಣ್ಣು ತಪ್ಪಿಸಿದ.

ನಾನು ಹಿಂದಿನ ಬಾಗಿಲಿನಿಂದ ಅಡಿಗೆಮನೆಗೆ ಹೋದೆ. ಅಲ್ಲಿ ಕಿಟಕಿಯ ಕೆಳಗೆ, ದನದ ಕೊಟ್ಟಿಗೆಗೆ ಹತ್ತಿರ, ಒಬ್ಬ ಮುದುಕಿ ಮೊರದಲ್ಲಿ ಎಳ್ಳು ಹಸನು ಮಾಡುತ್ತ ಕೂತಿದ್ದಳು. ಬಿಳಿ ಸೀರೆ, ಬರಿಯ ಹಣೆ. ವಿಕ್ರಮಭಾವುವಿನ ತಾಯಿ ಸಗುಣಾಬಾಯಿ.

ನಾನು ಪಕ್ಕದಲ್ಲಿ ಕೂತು ಮೊರದ ಒಂದು ಅಂಚು ಹಿಡಿದೆ.

"ಹೊರಗ ಗದ್ದಲಾ ಭಾಳ ಅದ," ಅಂದಳು.

"ಹೌದ್ರಿ. ನೀವು ಹೋಗಲಿಲ್ಲಾ?"

"ನಾನು?" ಅವಳು ನಕ್ಕಳು, ಹಲ್ಲಿಲ್ಲದ ಬಾಯಿ. "ವಿಕ್ರಮನ ಅಪ್ಪ ಸತ್ತಾಗಿಂದ ಇದೇ ಕಿಟಕಿ ನನ್ನ ಸಂಕ್ರಾಂತಿ. ಎಳ್ಳು ನಾ ಹಸನ ಮಾಡಬೇಕು, ಹಂಚಬಾರದು."

"ಇವತ್ತು ಬರೇ ಅರಿಶಿನ ಕುಂಕುಮ ಅಲ್ಲರಿ ಆಯಿ. ಗ್ರಾಮಸಭೆ ಅದ. ನಿಮ್ಮ ಮಗನ ಕಾಯ್ದೆ. ಊರಿನ ಪ್ರತಿಯೊಬ್ಬ ಹೆಣ್ಮಗಳು ಬರಬೇಕಂತ ನಾಗಪುರದಾಗ ಎದಿ ಬಡಕೊಂಡು ಹೇಳ್ಯಾನ."

"ಯಾವುದರ ಸಲುವಾಗಿ?"

"ಗೋಮಾಳ. ನಿಮ್ಮ ಸೊಸಿ ತಮ್ಮಗ ಕೊಡೋದು."

ಮೊರ ನಿಂತಿತು. "ಯಾವ ಗೋಮಾಳ?"

"ಊರಿಗಿರೋದು ಒಂದೇ ಅಲ್ಲರಿ? ನೀವು ಕುಳ್ಳು ತಟ್ಟಿದ್ದು."

ಅವಳಿಗೆ ಅದು ಗೊತ್ತಿರಲಿಲ್ಲ. ಶೆಡ್ ಬಿದ್ದದ್ದು ಗೊತ್ತಿತ್ತು, ರಾಧಾಬಾಯಿ ತಾನೇ ಜಾರಿ ಬಿದ್ದಳು ಎಂದು ಮಗ ಹೇಳಿದ್ದ. ಜಾಗ ಸರ್ಕಾರದ್ದು, ಸರ್ಕಾರ ತೆಗೆದುಕೊಂಡಿತು ಎಂದಿದ್ದ. ನಾನು ಎಲ್ಲವನ್ನೂ ಹೇಳಿದೆ. ಕುಂಕುಮ ಇಲ್ಲದವರ ಕೈ ರೊಟ್ಟಿಯ ಮಾತನ್ನೂ, ಅವನು ಆಡಿದಂತೆಯೇ.

ಸಗುಣಾಬಾಯಿ ತನ್ನ ಅಂಗೈ ನೋಡಿಕೊಂಡಳು. "ಕುಂಕುಮ ಇಲ್ಲದ ಕೈ," ಅಂದಳು. "ಅವನ ಫೀ ಕಟ್ಟಿದ್ದು ಯಾವ ಕೈ? ಭಾಷಣದಾಗ ನನ್ನ ಕುಳ್ಳು ಬೇಕು, ಮಂಟಪದಾಗ ನಾ ಬ್ಯಾಡ." ಎಳ್ಳಿನ ಮೊರ ನನ್ನ ಮಡಿಲಿಗೆ ಸರಿಸಿದಳು. "ಆ ಕೋಲು ಕೊಡವ್ವಾ."

*

ಹಿಂದಿನ ಓಣಿಯಲ್ಲಿ ರಾಧಾಬಾಯಿಯನ್ನು ಕುರ್ಚಿಯ ಮೇಲೆ ಕೂಡಿಸಿಕೊಂಡು ಅವಳ ಹೆಂಗಸರು ಕಾಯುತ್ತಿದ್ದರು. ಸಗುಣಾಬಾಯಿ ಕೋಲೂರಿಕೊಂಡು ಅವರ ಮುಂದೆ ಬಂದು ನಿಂತಳು. ಆಮೇಲೆ ಮುಂದೆ ನಡೆದಳು. ಅವರು ಹಿಂದೆ ಬಂದರು.

ಅಡಿಗೆಮನೆಯ ಕಡೆಯ ಸಂದಿಯಿಂದ ನಾವು ಮಂಟಪದೊಳಗೆ ಕಾಲಿಟ್ಟಾಗ ಗಲಗಲ ಅನ್ನುತ್ತಿದ್ದ ಬಳೆಗಳೆಲ್ಲ ನಿಂತವು. ಒಬ್ಬಳು ಸೊಸೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನಡುವೆ ತೃಪ್ತಿ, ಕೈಯಲ್ಲಿ ಬೆಳ್ಳಿಯ ತಟ್ಟೆ, ಪೈಠಣಿ ಸೀರೆ. ಅತ್ತೆಯನ್ನು ಕಂಡು ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಅತ್ತಿ, ನೀವು... ಇಲ್ಲಿ..."

"ಹಚ್ಚು," ಅಂದಳು ಸಗುಣಾಬಾಯಿ.

"ಹ್ಯಾಂಗ ಅತ್ತಿ, ಜನಾ..."

"ಜನಾ ಅಂದ್ರ ಇವರ ಅಲ್ಲಾ? ಇವರೊಳಗ ಅರ್ಧಾ ಮಂದೀನ್ನ ನಾನ ಹೆರಿಗಿ ಮಾಡಿಸೀನಿ. ಆವಾಗ ನನ್ನ ಹಣಿ ಯಾರೂ ನೋಡಲಿಲ್ಲ. ಕೈ ನೋಡಿದ್ರು." ಮುದುಕಿ ಸುತ್ತಲೂ ನೋಡಿದಳು. "ಈಗ ಯಾರಿಗೆ ಅಪಶಕುನ ಆಗೇದ, ಎದ್ದು ಹೇಳ್ರಿ."

ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಮಾತ್ರ ಒಬ್ಬಳು, "ಸೂಲಗಿತ್ತಿ ಆಯಿ ಹೇಳಿದ ಮ್ಯಾಲ ಹಚ್ಚವ್ವಾ, ಕುಕ್ಕರಿಗೆ ಹೊತ್ತಾಗತದ," ಅಂದಳು. ಒಂದಿಬ್ಬರು ನಕ್ಕರು. ಆ ನಗು ಚಾವಡಿಯ ನಗುವಿನಂಥದ್ದಾಗಿರಲಿಲ್ಲ.

ತೃಪ್ತಿ ಅತ್ತೆಯ ಬರಿಯ ಹಣೆಗೆ ಕುಂಕುಮ ಇಟ್ಟಳು. ಆಮೇಲೆ ತಟ್ಟೆಯನ್ನು ನಾನು ಇಸಿದುಕೊಂಡೆ. ರಾಧಾಬಾಯಿಗೆ ನಾನೇ ಹಚ್ಚಿದೆ. ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದರು.

ಬಟ್ಟೆಯ ಗೋಡೆಯ ಆಚೆ ವಿಕ್ರಮಭಾವುವಿನ ದನಿ ಏರಿತು. "ಒಳಗ ಏನ ನಡದದ? ಆಯಿ ಎಲ್ಲಿದ್ದಾಳ?" ಅವನ ನೆರಳು ಬಟ್ಟೆಯ ಮೇಲೆ ಅತ್ತಿತ್ತ ಓಡಾಡಿತು. ಒಳಗೆ ಬರುವಂತಿರಲಿಲ್ಲ. ಯಾವ ರೂಢಿಯನ್ನು ಅವನು ಕಾವಲಿಗೆ ಇಟ್ಟಿದ್ದನೋ ಅದೇ ಈಗ ಅವನನ್ನು ಹೊರಗೆ ನಿಲ್ಲಿಸಿತ್ತು. ಯಾರು ಕೈ ಎತ್ತುತ್ತಾರೆ ಎಂದು ನೋಡಲು ಅವನ ಜನರಿಗೆ ಕಣ್ಣಿರಲಿಲ್ಲ. ಯಾವ ಗಂಡನ ಮುಖವೂ ಅಲ್ಲಿರಲಿಲ್ಲ.

ಗ್ರಾಮಸೇವಿಕೆ ಶ್ರದ್ಧಾ ತಲೆ ಎಣಿಸಿದಳು. ಅರ್ಧವಲ್ಲ, ಊರಿಗೆ ಊರೇ ಇತ್ತು. "ಗೋಮಾಳವನ್ನು ಶೀತಲ ಉಗ್ರಾಣದ ಕಂಪನಿಗೆ ಕೊಡಬೇಕು ಅನ್ನುವವರು ಕೈ ಎತ್ತಿ," ಅಂದಳು.

ಸರಪಂಚನ ಮನೆಯ ಹೆಂಗಸರು ಎತ್ತಿದರು. ತೃಪ್ತಿ ಅರ್ಧ ಎತ್ತಿ, ಅತ್ತೆಯನ್ನು ನೋಡಿ ಇಳಿಸಿದಳು.

"ಬೇಡ, ಜಾಗ ಊರಿನದೇ ಇರಲಿ, ಶೆಡ್ ಮತ್ತೆ ಕಟ್ಟಿಸಬೇಕು ಅನ್ನುವವರು?"

ಮೊದಲು ಎದ್ದದ್ದು ಸಗುಣಾಬಾಯಿಯ ಕೈ. ಕುಳ್ಳು ತಟ್ಟಿ ಸವೆದ, ಸೊಟ್ಟ ಬೆರಳುಗಳ ಕೈ. ಆಮೇಲೆ ಹಸಿರು ಬಳೆಯ ಕೈ, ಬರಿಗೈ, ಮಗುವನ್ನು ಎತ್ತಿಕೊಂಡ ಕೈ. ಕುಕ್ಕರ್ ಹಿಡಿದವಳೊಬ್ಬಳು ಕೈ ಖಾಲಿ ಇಲ್ಲದೆ ಕುಕ್ಕರನ್ನೇ ಮೇಲಕ್ಕೆ ಎತ್ತಿದಳು, ಅವನ ಫೋಟೋ ಸಮೇತ.

*

ಎಲ್ಲ ಮುಗಿದ ಮೇಲೆ ಟೀವಿಯವರ ಜೊತೆ ವಿಕ್ರಮಭಾವು ಒಳಗೆ ಬಂದ. ಅವರನ್ನು ಕರೆಸಿದವನು ಅವನೇ. ಶ್ರದ್ಧಾ ಠರಾವಿನ ಹಾಳೆಯನ್ನು ಅವನ ಕೈಗೆ ಕೊಟ್ಟಳು. ಅವನು ಕಣ್ಣಾಡಿಸಿದ. ಫೇಟಾದ ಕೆಳಗೆ ಹಣೆ ಬೆವರಿತು.

"ಮಂದಾರ, ನೀ ಓದು," ಅಂದ.

ಮಂದಾರ ಮೈಕನ್ನು ಅವನ ಬಾಯಿಗೆ ಹತ್ತಿರ ಹಿಡಿದ. "ಭಾವು, ಕಾರ್ಯಕ್ರಮದಾಗ ನಿಮ್ಮ ಹೆಸರದ," ಅಂದ. ನಂತರ ಮೊದಲ ಸಲ ನನ್ನ ಕಡೆ ನೋಡಿದ.

ಕ್ಯಾಮೆರಾದ ಮುಂದೆ ತಾಯಿ, ತಾಯಿಯ ಹಣೆಯ ಮೇಲೆ ಹಸಿ ಕುಂಕುಮ. ಅವನು ಹಾಳೆಯನ್ನು ಹರಿಯಲಾರ, ಬೈಯಲಾರ, ಓಡಲಾರ. ನಾಗಪುರದಲ್ಲಿ ಎದೆ ಬಡಿದುಕೊಂಡ ಮಾತು ಇನ್ನೂ ಎಲ್ಲರ ಫೋನಿನಲ್ಲಿತ್ತು. ಓದಿದ. ಬೋರಮಾಳದ ಗೋಮಾಳ ಊರಿಗೆ ಸೇರಿದ್ದು, ಯಾರಿಗೂ ಕೊಡತಕ್ಕದ್ದಲ್ಲ, ಮಹಿಳೆಯರ ರೊಟ್ಟಿ ಶೆಡ್ಡನ್ನು ಅದೇ ಜಾಗದಲ್ಲಿ ಕಟ್ಟತಕ್ಕದ್ದು. ಒಂದು ಕಡೆ ದನಿ ಒಡೆಯಿತು. ಆಗ ರಾಧಾಬಾಯಿ ಕುರ್ಚಿಯಿಂದ ಹೇಳಿದಳು, "ಸ್ವಲ್ಪ ಜೋರಾಗಿ ಓದ್ರಿ ಭಾವು. ಚಾವಡಿತನಾ ಕೇಳಲಿ."

ಅವನು ಜೋರಾಗಿ ಓದಿದ.

ಮುಗಿದ ಮೇಲೆ ಹೊರಡಲು ತಿರುಗಿದ. ರಾಧಾಬಾಯಿ ನನಗೆ ಕಣ್ಸನ್ನೆ ಮಾಡಿದಳು. ನಾನು ಕುಸುರೆಳ್ಳಿನ ಡಬ್ಬಿ ಅವಳ ಮಡಿಲಲ್ಲಿ ಇಟ್ಟೆ. ಆ ಸಲದ ಮುಳ್ಳು ನನ್ನ ಕೈಯಲ್ಲಿ ಎಂದೂ ಬಂದಿರದಷ್ಟು ಚೂಪಾಗಿ ಬಂದಿತ್ತು. ಅವಳು ಒಂದು ಹಿಡಿ ತೆಗೆದು ಅವನ ಮುಂದೆ ಚಾಚಿದಳು.

"ಸಂಕ್ರಾಂತಿ, ಭಾವು. ಕೊಟ್ಟ ಎಳ್ಳು ಒಲ್ಲೆ ಅನ್ನಬಾರದು. ತಗೋರಿ, ಇನ್ನರೆ ಸಿಹಿ ಮಾತಾಡ್ರಿ."

ಅವನು ಅವಳ ಕೈ ನೋಡಿದ. ಕ್ಯಾಮೆರಾ ನೋಡಿದ. ತಾಯಿ ಕೋಲಿನ ಮೇಲೆ ಗದ್ದ ಊರಿ ಅವನನ್ನೇ ನೋಡುತ್ತಿದ್ದಳು. ಕೊನೆಗೆ ಅಂಗೈ ಒಡ್ಡಿದ, ಬಾಯಿಗೆ ಹಾಕಿಕೊಂಡ. ಕುಸುರೆಳ್ಳು ಹಲ್ಲಿಗೆ ಸಿಕ್ಕಿ ಸಣ್ಣಗೆ ಸದ್ದಾಯಿತು.

ಪಾತ್ರೆಗಳನ್ನು ಟೆಂಪೋಕ್ಕೆ ಹೇರಲು ಜನ ಕರೆಯುತ್ತಿದ್ದರು. ನಾನು ಹೋಗಲಿಲ್ಲ. ಅವನು ಅಗಿದು, ನುಂಗಿ, ಮುಗಿಸುವವರೆಗೆ ಅಲ್ಲೇ ನಿಂತು ನೋಡಿದೆ.